‘ಹಾಲಹಲ್ಲು, ತಾವ ಬೀಳ್ತಾವ ಬಿಡ್ರಿ’ ಎನ್ನುವವರಿಗೆ

ಕತೆಯೊಂದಕ್ಕೆ ಬೇಕಾದ ವಿವರ ಕೇಳಿಕೊಂಡು ನವಲಗುಂದದ ಓಣಿಯೊಂದಕ್ಕೆ ಹೋಗಿದ್ದೆವು. ಜಮಖಾನ ನೇಯುವ ಮನೆ. ಈ ಊರಿನ ಜಮಖಾನ ನೇಯುವವರು ನಮ್ಮ ಹೆಣ್ಣುಮಕ್ಕಳೇ ಎಂಬುದು ಓದುಗರಿಗೆ ಗೊತ್ತಿರಬಹುದು. ನಿಂತ ಮಗ್ಗದ ಮುಂದೆ ತಾಯಿ ಕೂತಿದ್ದಳು, ನೂಲಿನಲ್ಲಿ ನವಿಲೊಂದು ಅರ್ಧ ಮೂಡಿತ್ತು. ಹಿಂದೆ ಗೋಡೆಗೆ ಒರಗಿ ಏಳು ವರ್ಷದ ಹುಡುಗಿ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಒಂದು ಕೆನ್ನೆ ಊದಿತ್ತು. ಸಾಲಿಗೆ ಯಾಕೆ ಹೋಗಿಲ್ಲ ಎಂದು ಕೇಳಿದೆವು.

“ದಾಂತ್ ಮೆ ಕೀಡಾ ಲಗ್ಯಾ ಭಾಯಿ. ದೂದ್ ಕೇ ದಾಂತಾ, ಅಪೇಚ್ ಗಿರ್ ಜಾತೇ” ಎಂದಳು ತಾಯಿ, ಕೈ ನಿಲ್ಲಿಸದೆ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಅಜ್ಜಿ ಅದನ್ನೇ ಕನ್ನಡದಲ್ಲಿ ಹೇಳಿದಳು: “ಹಾಲಹಲ್ಲರೀ ಸಾಹೇಬ್ರ, ತಾವ ಬೀಳ್ತಾವ ಬಿಡ್ರಿ.”

ಭಾಷೆ ಎರಡು, ಮಾತು ಒಂದೇ. ಈ ಮಾತನ್ನು ನಾವು ಅಣ್ಣಿಗೇರಿಯ ಅಂಗಡಿ ಕಟ್ಟೆಯ ಮೇಲೆ ಕೇಳಿದ್ದೇವೆ, ಕುಂದಗೋಳದ ಸಾಲಿ ಮಾಸ್ತರರ ಬಾಯಲ್ಲಿ ಕೇಳಿದ್ದೇವೆ, ಕಲಘಟಗಿಯ ಔಷಧಿ ಅಂಗಡಿಯಲ್ಲಿ ನೋವಿನ ಗುಳಿಗೆ ಕೊಡುತ್ತಿದ್ದ ಹುಡುಗನಿಂದಲೂ ಕೇಳಿದ್ದೇವೆ. ಓದಿದವರು ಓದದವರೆನ್ನದೆ, ಹಿಂದೂ ಮುಸಲ್ಮಾನರೆನ್ನದೆ ನಮ್ಮ ಜಿಲ್ಲೆ ಪೂರ್ತಿ ಒಪ್ಪಿಕೊಂಡಿರುವ ಮಾತು ಇದು. ಈ ಲೇಖನ ಬರೆಯುತ್ತಿರುವುದು ಆ ಮಾತಿನ ವಿರುದ್ಧ. ಅದರ ಮರೆಯಲ್ಲಿ ನಾವೆಲ್ಲ ತಪ್ಪಿಸಿಕೊಂಡಿದ್ದೇವೆ. ತಾಯಿ ತಂದೆ ತಪ್ಪಿಸಿಕೊಂಡಿದ್ದಾರೆ, ಸಾಲಿ ತಪ್ಪಿಸಿಕೊಂಡಿದೆ, ಸರಕಾರವಂತೂ ತಪ್ಪಿಸಿಕೊಂಡೇ ಇದೆ. ನೋವು ತಿನ್ನುತ್ತಿರುವುದು ಮಾತ್ರ ಮಗು.

ಮೊದಲು ಆ ಮಾತು ಎಷ್ಟು ನಿಜ ನೋಡೋಣ. ಹಾಲುಹಲ್ಲು ಬೀಳುತ್ತವೆ, ಖರೆ. ಆದರೆ ಯಾವಾಗ? ಮಗುವಿಗೆ ಸುಮಾರು ಆರು ತಿಂಗಳಿಗೆ ಮೊದಲ ಹಲ್ಲು ಬರುತ್ತದೆ, ಎರಡೂವರೆ ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ಅಗಿಯುವ ದವಡೆ ಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಬಾಯಲ್ಲೇ ಇರಬೇಕು. ನಾಲ್ಕನೇ ವರ್ಷಕ್ಕೆ ಹುಳುಕು ಬಿದ್ದ ದವಡೆ ಹಲ್ಲನ್ನು ‘ತಾನೇ ಬೀಳುತ್ತದೆ’ ಎಂದು ಬಿಟ್ಟರೆ ಆ ಮಗು ಆರೇಳು ವರ್ಷ ಕಾಯಬೇಕು. ದೊಡ್ಡವರಾದ ನಾವು ಒಂದು ರಾತ್ರಿ ಹಲ್ಲುನೋವು ತಡೆಯಲಾರದೆ ಬೆಳಗಾಗುವುದನ್ನೇ ಕಾಯುತ್ತೇವೆ. ಮಗುವಿಗೆ ಆರು ವರ್ಷ ಕಾಯಿ ಎನ್ನುತ್ತೇವೆ.

ಹುಳುಕು ಹಲ್ಲಿನ ಬೇರಿನ ಬುಡದಲ್ಲೇ ಶಾಶ್ವತ ಹಲ್ಲು ತಯಾರಾಗುತ್ತಿರುತ್ತದೆ. ಮೇಲೆ ಕೀವು ತುಂಬಿದರೆ ಕೆಳಗಿನದಕ್ಕೂ ಕೇಡು. ಹಾಲುಹಲ್ಲು ಹೊತ್ತಿಗೆ ಮುಂಚೆ ಹೋದರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲುತ್ತವೆ, ಮುಂದೆ ಬರುವ ಹಲ್ಲಿಗೆ ಜಾಗವಿಲ್ಲದೆ ಸೊಟ್ಟ ಬರುತ್ತದೆ. ನೋವಿರುವ ಮಗು ಒಂದೇ ಕಡೆ ಅಗಿಯುತ್ತದೆ, ರೊಟ್ಟಿ ಬಿಟ್ಟು ಮೆತ್ತಗಿನದನ್ನೇ ಕೇಳುತ್ತದೆ, ರಾತ್ರಿ ನಿದ್ದೆಗೆಡುತ್ತದೆ, ತೂಕ ಇಳಿಯುತ್ತದೆ, ಸಾಲಿ ತಪ್ಪುತ್ತದೆ. ಅಪರೂಪಕ್ಕೆ ಸೋಂಕು ದವಡೆಯಿಂದ ಕುತ್ತಿಗೆಗೆ ಇಳಿದು ಜೀವಕ್ಕೂ ಕುತ್ತು ಬರುತ್ತದೆ. ಇಷ್ಟೆಲ್ಲ ‘ಬಿಡ್ರಿ’ ಎಂಬ ಒಂದು ಶಬ್ದದೊಳಗೆ ಅಡಗಿದೆ.

ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳಬೇಕು. ಆರನೇ ವರ್ಷಕ್ಕೆ ಮಗುವಿನ ಬಾಯಲ್ಲಿ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಬರುತ್ತದೆ. ಬೀಳುವುದರ ಜಾಗದಲ್ಲಿ ಬರಲಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ಜನ ತಿಳಿಯುತ್ತಾರೆ. ಅದು ಹಾಲುಹಲ್ಲಲ್ಲ, ಸಾಯುವ ತನಕ ಇರಬೇಕಾದ ಹಲ್ಲು. ನಮ್ಮ ಮಗಳ ಆ ಹಲ್ಲಿನಲ್ಲಿ ಕಪ್ಪು ಚುಕ್ಕಿ ಕಂಡಾಗ ನಾವೂ ‘ಬೀಳುತ್ತದೆ ಬಿಡು’ ಎಂದೆವು. ಕತೆ ಬರೆಯುವವರು, ಎರಡು ಭಾಷೆ ಓದಿದವರು! ಎರಡು ವರ್ಷದ ಮೇಲೆ ಕೆನ್ನೆ ಊದಿಕೊಂಡಾಗ ಚಿಕಿತ್ಸಾಲಯವೊಂದಕ್ಕೆ ಒಯ್ದೆವು. ಅಲ್ಲಿ ಬೇರೆ ದಾರಿ ಇದೆಯೇ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಿತ್ತು ಕೈಗೆ ಕೊಟ್ಟರು. ಆ ಹಲ್ಲು ಮತ್ತೆ ಬರುವುದಲ್ಲ ಎಂದು ಆಮೇಲೆ ತಿಳಿಯಿತು. ಮಗಳು ಈಗಲೂ ಎಡಗಡೆಯೇ ಅಗಿಯುತ್ತಾಳೆ. ಊಟಕ್ಕೆ ಎದುರು ಕೂತಾಗಲೆಲ್ಲ ನಮಗೆ ಅದು ಕಾಣುತ್ತದೆ.

‘ನಮ್ಮ ಹಿರಿಯರು ಬೇವಿನ ಕಡ್ಡಿ, ಕುಳ್ಳಿನ ಬೂದಿ ಹಚ್ಚಿಯೇ ತೊಂಬತ್ತು ವರ್ಷ ಕಬ್ಬು ಸಿಗಿದರು’ ಎನ್ನುವವರು ಊರಿಗೊಬ್ಬರು ಇದ್ದಾರೆ. ಹಿರಿಯರ ಹಲ್ಲು ಗಟ್ಟಿ ಇದ್ದದ್ದು ಬೂದಿಯಿಂದಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಲೆ, ಹಸಿ ಉಳ್ಳಾಗಡ್ಡಿ ತಿಂದವರು ಅವರು. ಸಕ್ಕರೆ ಕಂಡದ್ದು ಹಬ್ಬಕ್ಕೆ, ಉರುಸಿಗೆ, ಜಾತ್ರೆಗೆ. ಇವತ್ತು ಎತ್ತಿನ ಗಾಡಿ ಮಾತ್ರ ಹೋಗುತ್ತಿದ್ದ ಹಳ್ಳಿಯ ಅಂಗಡಿಯಲ್ಲೂ ರೂಪಾಯಿಯ ಚಾಕೊಲೇಟು, ಐದು ರೂಪಾಯಿಯ ಬಿಸ್ಕೀಟು, ಬಣ್ಣದ ನೀರಿನ ಬಾಟಲಿ ತೂಗುಬಿದ್ದಿವೆ. ಹೊಲಕ್ಕೆ ಕಳೆ ತೆಗೆಯಲು ಹೋಗುವ ತಾಯಿ ಅಳುವ ಮಗುವಿನ ಕೈಗೆ ಬಿಸ್ಕೀಟಿನ ಪುಡಿಕೆ ಕೊಟ್ಟು ಹೋಗುತ್ತಾಳೆ. ಆಕೆಗೆ ಬೇರೆ ದಾರಿ ಇದೆಯೇ? ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಆ ತೊಟ್ಟಿಲಲ್ಲಿ ಮಲಗಿದ ಕೂಸಿನ ಬಾಯಲ್ಲಿ ಇಂದು ಸಕ್ಕರೆ ಹಾಲಿನ ಬಾಟಲಿ ರಾತ್ರಿಯೆಲ್ಲ ಇರುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಸಿಹಿ ಹಾಲು ಮುಂದಿನ ಹಲ್ಲುಗಳ ಮೇಲೆ ನಿಂತು, ಎರಡನೇ ವರ್ಷಕ್ಕೇ ನಾಲ್ಕೂ ಕರಗಿ ಕಪ್ಪಾಗುತ್ತವೆ. ಇದು ದೃಷ್ಟಿಯಲ್ಲ, ಗ್ರಹಚಾರವಲ್ಲ. ಸಕ್ಕರೆ ಮತ್ತು ಹೊತ್ತು ಸೇರಿ ಮಾಡುವ ಕೆಲಸ.

ಹುಳದ ಮಾತೂ ಹಾಗೆಯೇ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬಾಯಲ್ಲಿ ಯಾವಾಗಲೂ ಇರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಗುಳ್ಳದ ಬೀಜ ಸುಟ್ಟು ಹೊಗೆ ಹಿಡಿಸಿ, ನೀರಿನ ಬಟ್ಟಲಲ್ಲಿ ಬಿಳಿ ಹುಳ ತೋರಿಸುವವರು ಸಂತೆಗಳಲ್ಲಿ ಇದ್ದರು, ಕೆಲವು ಕಡೆ ಇನ್ನೂ ಇದ್ದಾರೆ. ಆ ‘ಹುಳ’ ಬಿಸಿಗೆ ಬೀಜ ಒಡೆದು ಹೊರಬಿದ್ದ ಮೊಳಕೆ. ನೋವು ಒಂದು ದಿನ ಮರೆತಂತಾಗುತ್ತದೆ, ಹುಳುಕು ಒಳಗೇ ಬೆಳೆಯುತ್ತದೆ. ಹುಳುಕಿನ ತೂತಿಗೆ ತಂಬಾಕು ತುರುಕುವುದು ಇದಕ್ಕಿಂತ ಕೆಟ್ಟದ್ದು. ನೋವಿಗೆಂದು ಇಟ್ಟದ್ದು ಚಟವಾಗುತ್ತದೆ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿತು, ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಹೆಸರು ಬದಲಿಸಿಕೊಂಡ ಪುಡಿಕೆಗಳು ಸಾಲಿಯ ಸುತ್ತಮುತ್ತಲೇ ಸಿಗುತ್ತವೆ.

ಈಗ ಚಿಕಿತ್ಸೆಯ ಮಾತು. ಬಡವರ ಮಗುವಿನ ಹಲ್ಲಿಗೆ ಒಂದೇ ಚಿಕಿತ್ಸೆ ಎಂದು ನಮ್ಮ ಕಡೆ ನಂಬಿಸಲಾಗಿದೆ, ಕೀಳಿಸುವುದು. ಉಳ್ಳವರ ಮಗುವಿಗೆ ಮಾತ್ರ ಬೇರೆ ದಾರಿಗಳು. ಆ ದಾರಿಗಳು ಯಾವುವು ಎಂದು ನಮ್ಮ ತಾಯಂದಿರಿಗೆ ತಿಳಿಯದಿರುವುದೇ ಅನ್ಯಾಯದ ಮೊದಲ ಮೆಟ್ಟಿಲು. ಆದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇವೆ.

ಹಲ್ಲಿನ ಮೇಲೆ ಸುಣ್ಣದ ಬಿಳಿ ಮಚ್ಚೆ ಕಂಡರೆ ಅದು ಹುಳುಕಿನ ಆರಂಭ. ಆಗ ಕೊರೆಯುವುದೂ ಬೇಡ, ತುಂಬುವುದೂ ಬೇಡ. ಫ್ಲೋರೈಡ್ ವಾರ್ನಿಷ್ ಹಚ್ಚಿಸಿ, ಸಿಹಿ ಕಡಿಮೆ ಮಾಡಿ, ದಿನಕ್ಕೆ ಎರಡು ಸಲ ಉಜ್ಜಿಸಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಆರನೇ ವರ್ಷದ ದವಡೆ ಹಲ್ಲಿನ ಆಳ ಗೀರುಗಳನ್ನು ಹುಳುಕು ಬೀಳುವ ಮೊದಲೇ ಸೀಲೆಂಟ್ ಎಂಬ ಲೇಪ ಹಾಕಿ ಮುಚ್ಚಬಹುದು, ನೋವಿಲ್ಲದ ಕೆಲಸ. ತೂತು ಬಿದ್ದಿದ್ದರೆ ಸಿಮೆಂಟು ತುಂಬಬಹುದು. ಇದಕ್ಕೆ ಯಂತ್ರದ ಕುರ್ಚಿ, ಕರೆಂಟು ಬೇಕೇ ಬೇಕು ಎನ್ನುವುದು ಸುಳ್ಳು. 1980ರ ದಶಕದಲ್ಲಿ ಆಫ್ರಿಕದ ತಾಂಜಾನಿಯಾದಲ್ಲಿ, ವಿದ್ಯುತ್ತಿಲ್ಲದ ಹಳ್ಳಿಗಳಿಗೆಂದೇ ಒಂದು ವಿಧಾನ ರೂಪುಗೊಂಡಿತು. ಕೈ ಸಲಕರಣೆಯಿಂದ ಕೊಳೆತ ಭಾಗ ಕೆರೆದು, ಗ್ಲಾಸ್ ಅಯನೋಮರ್ ಎಂಬ ಸಿಮೆಂಟು ತುಂಬುವುದು. ಸಾಲಿಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದಾದ ಕೆಲಸ ಇದು.

ಅದಕ್ಕಿಂತ ಸುಲಭದ್ದೂ ಇದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿನ ಮೇಲೆ ಹಚ್ಚಿದರೆ ಬಹಳಷ್ಟು ಹುಳುಕು ಮುಂದುವರಿಯದೆ ನಿಲ್ಲುತ್ತದೆ. ಚುಚ್ಚುವುದಿಲ್ಲ, ಕೊರೆಯುವುದಿಲ್ಲ. ಒಂದೇ ತೊಂದರೆ, ಹುಳುಕಿದ ಭಾಗ ಕಪ್ಪಾಗಿ ಉಳಿಯುತ್ತದೆ. ಇದನ್ನು ತಾಯಿಗೆ ಮೊದಲೇ ಹೇಳಬೇಕು, ಆಯ್ಕೆ ಆಕೆಯದಾಗಬೇಕು. ಹುಳುಕು ನರದ ತನಕ ಇಳಿದಿದ್ದರೂ ಹಾಲುಹಲ್ಲನ್ನು ಉಳಿಸಬಹುದು. ಕೆಟ್ಟ ನರ ತೆಗೆದು, ಔಷಧಿ ತುಂಬಿ, ಮೇಲೆ ಉಕ್ಕಿನ ಟೊಪ್ಪಿಗೆ ಹಾಕುತ್ತಾರೆ. ಬೀಳುವ ವಯಸ್ಸಿನಲ್ಲಿ ಆ ಹಲ್ಲು ಟೊಪ್ಪಿಗೆ ಸಮೇತ ಬೀಳುತ್ತದೆ. ಇದ್ಯಾವುದೂ ಸಾಧ್ಯವಿಲ್ಲ ಎಂದಾದಾಗಲೇ ಕೀಳುವ ಮಾತು. ದವಡೆಯ ಹಾಲುಹಲ್ಲನ್ನು ಬೇಗ ಕಿತ್ತರೆ ಆ ಜಾಗ ಮುಚ್ಚದಂತೆ ಕಾಯುವ ತಂತಿಯೊಂದನ್ನು ಹಾಕಿಸಬೇಕೇ ಎಂದು ಕೇಳಬೇಕು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೆನ್ನೆ ಊದಿ ಜ್ವರ ಬಂದರೆ ಮಾತ್ರ ಒಂದು ದಿನವೂ ಕಾಯಬಾರದು. ಗುಳಿಗೆ ನುಂಗಿಸಿ ಊತ ಇಳಿದ ಕೂಡಲೇ ಗುಣವಾಯಿತೆಂದು ಸುಮ್ಮನಾಗಲೂಬಾರದು, ಹಲ್ಲಿನ ಚಿಕಿತ್ಸೆ ಮುಗಿಯಲೇಬೇಕು.

ಇಷ್ಟು ತಿಳಿದ ಮೇಲೆ ಸರಕಾರದ ಕಡೆ ತಿರುಗೋಣ. 2002-03ರಲ್ಲಿ ಭಾರತೀಯ ದಂತ ವೈದ್ಯ ಪರಿಷತ್ತು ದೇಶದ ಬಾಯಿ ತೆರೆದು ನೋಡಿತು. ಐದು ವರ್ಷದ ಮಕ್ಕಳಲ್ಲಿ ಶೇ. 51.9, ಹನ್ನೆರಡು ವರ್ಷದವರಲ್ಲಿ ಶೇ. 53.8 ಮಂದಿಗೆ ಹುಳುಕು ಇತ್ತು. ಇಬ್ಬರಲ್ಲಿ ಒಂದು ಮಗುವಿಗೆ! ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದಿದ್ದರೆ ವಿಧಾನಸಭೆಯಲ್ಲಿ ಗದ್ದಲವಾಗುತ್ತಿತ್ತು. ಹಲ್ಲಿಗೆ ಯಾರೂ ಎದ್ದು ನಿಲ್ಲಲಿಲ್ಲ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿದ ಕೂಸಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುವ ಕಾರ್ಯಕ್ರಮ. ಅದರ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸಾಲಿಗೆ ಬರಬೇಕು. ಒಳ್ಳೆಯದೇ. ಆದರೆ ಆ ತಂಡದಲ್ಲಿ ದಂತ ವೈದ್ಯರಿಲ್ಲ. ಟಾರ್ಚು ಬಿಟ್ಟು ನೋಡಿ, ಚೀಟಿ ಬರೆದು, ದೊಡ್ಡಾಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಚೀಟಿ ಟ್ರಂಕಿನೊಳಗೆ ಆಧಾರ ಕಾರ್ಡಿನ ಜೊತೆ ಕೂರುತ್ತದೆ. ನೋಡಿದ ಮಕ್ಕಳ ಸಂಖ್ಯೆ ಮೇಲಕ್ಕೆ ಹೋಗುತ್ತದೆ. ಹಲ್ಲು ಉಳಿದ ಮಕ್ಕಳ ಸಂಖ್ಯೆಯನ್ನು ಕೇಳುವವರು ಯಾರು? ರೋಗ ಇದೆ ಎಂದು ಹೇಳಿ ಮದ್ದು ಕೊಡದೆ ಹೋಗುವುದನ್ನು ತಪಾಸಣೆ ಎನ್ನಬಹುದೇ ಹೊರತು ಸೇವೆ ಎನ್ನಲಾಗದು.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಂತ ವೈದ್ಯರಿರುವುದಿಲ್ಲ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದ್ದರೆ ಒಬ್ಬರು, ಇಡೀ ತಾಲ್ಲೂಕಿಗೆ. ಅಣ್ಣಿಗೇರಿ ನವಲಗುಂದದಿಂದ ಬೇರೆಯಾಗಿ ತಾಲ್ಲೂಕಾಯಿತು, ಬೋರ್ಡುಗಳು ಬಂದವು. ಹಲ್ಲಿನ ಕುರ್ಚಿಯನ್ನೂ ಆ ಊರಿನವರು ಕೇಳಬೇಕು. ಇನ್ನು ಹುಬ್ಬಳ್ಳಿಗೆ ಹೋಗಬೇಕೆಂದರೆ ಕುಂದಗೋಳದಿಂದ ಸುಮಾರು 20 ಕಿಲೋಮೀಟರು, ಕಲಘಟಗಿಯಿಂದ 30, ನವಲಗುಂದ ಮತ್ತು ಅಣ್ಣಿಗೇರಿಯಿಂದ 35ರ ಮೇಲೆ. ಇದು ತಾಲ್ಲೂಕು ಊರಿನಿಂದ, ಹಳ್ಳಿಯಿಂದ ಮತ್ತಷ್ಟು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು, ದೊಡ್ಡ ಉಪಕಾರ. ಬಸ್ಸು ಪುಕ್ಕಟೆ, ಆದರೆ ಆ ದಿನದ ಕೂಲಿ ಪುಕ್ಕಟೆ ಬರುವುದಿಲ್ಲ. ನರದ ಚಿಕಿತ್ಸೆಗೆ ಎರಡು ಮೂರು ಸಲ ಬರಬೇಕು ಎಂದಾಗ ತಾಯಿ ಲೆಕ್ಕ ಹಾಕಿ ‘ಕಿತ್ತು ಕೊಟ್ಟುಬಿಡ್ರಿ’ ಎನ್ನುತ್ತಾಳೆ. ಅದನ್ನು ಅಜ್ಞಾನ ಎನ್ನುವವರು ಒಂದು ದಿನ ಆಕೆಯ ಕೂಲಿ ಕೊಟ್ಟು ನೋಡಲಿ.

ವೈದ್ಯರ ಕೊರತೆಯೇ? ನಮ್ಮ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಹೆಚ್ಚಿನವು ಖಾಸಗಿ. ಧಾರವಾಡದ ಸತ್ತೂರಿನಲ್ಲೇ 1986ರಿಂದ ಎಸ್‌ಡಿಎಂ ದಂತ ಕಾಲೇಜು ಇದೆ. ದಂತ ಪದವಿ ಪಡೆದು ಕೆಲಸ ಸಿಗದೆ ಅಲೆಯುವ ಹುಡುಗ ಹುಡುಗಿಯರನ್ನು ಹುಬ್ಬಳ್ಳಿಯಲ್ಲಿ ನಾವು ಕಂಡಿದ್ದೇವೆ. ಒಂದು ಕಡೆ ಕೆಲಸವಿಲ್ಲದ ವೈದ್ಯರು, ಇನ್ನೊಂದು ಕಡೆ ವೈದ್ಯರಿಲ್ಲದ ಹಳ್ಳಿ. ನಡುವೆ ಹುದ್ದೆ ಸೃಷ್ಟಿಸದ ಸರಕಾರ. 2014ರ ಸುಮಾರಿಗೆ ರಾಜ್ಯ ಸರಕಾರ ‘ದಂತ ಭಾಗ್ಯ’ ಎಂಬ ಯೋಜನೆ ತಂದು ಬಡ ಮುದುಕರಿಗೆ ಉಚಿತ ಕಟ್ಟುಹಲ್ಲು ಕೊಡಿಸಿತು. ಮುದುಕರಿಗೆ ಹಲ್ಲು ಬೇಕು, ನಮ್ಮ ತಕರಾರಿಲ್ಲ. ಆದರೆ ಇರುವ ಹಲ್ಲು ಉಳಿಸುವುದಕ್ಕೆ ಮಕ್ಕಳಿಗೆ ಅಂಥದೊಂದು ಭಾಗ್ಯ ಬರಲಿಲ್ಲ. ಮಕ್ಕಳಿಗೆ ಮತವಿಲ್ಲ ಎಂಬುದಲ್ಲದೆ ಬೇರೆ ಕಾರಣ ನಮಗೆ ಹೊಳೆಯುತ್ತಿಲ್ಲ.

ಇನ್ನೂ ಒಂದು ಸಂಗತಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು, ಮೇಲೆ ಹೇಳಿದ ಸಿಮೆಂಟು ಮತ್ತು ಕಪ್ಪಾಗಿಸುವ ದ್ರವವನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ 2017ರಿಂದ 2025ರ ಸೆಪ್ಟೆಂಬರಿನ ತನಕ ಹಲ್ಲಿನ ಪೇಸ್ಟಿಗೂ ಬ್ರಷ್ಷಿಗೂ ಶೇ. 18 ತೆರಿಗೆ ಇತ್ತು. ಈಗ ಶೇ. 5ಕ್ಕೆ ಇಳಿದಿದೆ, ಸಂತೋಷ. ಆದರೆ ಎಂಟು ವರ್ಷ ಔಷಧಿಯ ಮೇಲೆ ಚೈನಿಯ ತೆರಿಗೆ ಕಟ್ಟಿದವರಲ್ಲಿ ಮಗ್ಗದ ಮುಂದೆ ಕೂತ ಆ ತಾಯಿಯೂ ಒಬ್ಬಳು. ಇತ್ತ ಕಂಪನಿಗಳ ಚಂದ ನೋಡಿ. ಒಂದು ಕಾಲಕ್ಕೆ ಇದ್ದಿಲು, ಉಪ್ಪು ಹಚ್ಚುವವರನ್ನು ಜಾಹೀರಾತಿನಲ್ಲಿ ನಗೆಪಾಟಲು ಮಾಡಿದವರೇ ಈಗ ಇದ್ದಿಲಿನ ಪೇಸ್ಟು, ಉಪ್ಪಿನ ಪೇಸ್ಟು ಮಾರುತ್ತಿದ್ದಾರೆ. ಪೇಸ್ಟಿನಲ್ಲಿ ನೋಡಬೇಕಾದದ್ದು ಇದ್ದಿಲಲ್ಲ, ಫ್ಲೋರೈಡ್ ಇದೆಯೇ ಎಂದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು, ನುಂಗದಂತೆ ಉಗುಳಿಸಬೇಕು.

ಫ್ಲೋರೈಡ್ ಎಂದ ಕೂಡಲೇ ನಮ್ಮ ಬಯಲುಸೀಮೆಯವರು ಬೆಚ್ಚುತ್ತಾರೆ. ನ್ಯಾಯವೇ. ಗದಗ ಜಿಲ್ಲೆಯ ಮುಂಡರಗಿ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರನ್ನು, ಬೆನ್ನು ಬಾಗಿದವರನ್ನು ಕಂಡಿದ್ದೇವೆ. ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೂ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಎಂಟು ವರ್ಷದೊಳಗೆ, ಹಲ್ಲು ದವಡೆಯೊಳಗೆ ತಯಾರಾಗುವಾಗ ಅದಕ್ಕಿಂತ ಹೆಚ್ಚು ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಕಂದು ಪಟ್ಟಿ ಬೀಳುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಅದು ಕೊಳಕಲ್ಲ. ಆದರೆ ಹೆಣ್ಣು ನೋಡಲು ಬಂದವರು ಅದನ್ನೇ ಕೊಳಕೆಂದು ಎದ್ದು ಹೋಗುತ್ತಾರೆ, ಹುಡುಗಿ ಬಾಯಿಗೆ ಸೆರಗು ಹಿಡಿದು ಮಾತಾಡಲು ಕಲಿಯುತ್ತಾಳೆ. ನವಲಗುಂದದ ಕರಿ ಮಣ್ಣಿನ ನೆಲದಲ್ಲಿ ಅಂತರ್ಜಲ ಸವಳು, ಜನ ಕೆರೆ ನೀರನ್ನೇ ನಂಬಿದವರು. ನೀರಿಗಾಗಿ ಬೀದಿಗಿಳಿದ ನಾಡು ಇದು. ಕಳಸಾ-ಬಂಡೂರಿಗೆ ಕೂಗಿದ ಜನ ತಮ್ಮೂರ ಕೊಳವೆಬಾವಿ ನೀರಿನ ಫ್ಲೋರೈಡ್ ಎಷ್ಟು ಎಂಬ ಕಾಗದವನ್ನೂ ಪಂಚಾಯತಿಯಿಂದ ಕೇಳಿ ಪಡೆಯಬೇಕು. ಮಿತಿ ದಾಟಿದ್ದರೆ ನೀರು ಬದಲಾಯಿಸಬೇಕು. ಮಿತಿಯೊಳಗಿದ್ದರೆ ಪೇಸ್ಟಿಗೆ ಹೆದರಬೇಕಿಲ್ಲ.

ಕೊನೆಗೆ ನಮ್ಮವರಿಗೇ ಒಂದು ಮಾತು. ಬಾಯಿ ಶುದ್ಧಿಗೆ ನಮ್ಮ ದೀನ್ ಕೊಟ್ಟಷ್ಟು ಮಹತ್ವ ಇನ್ನೆಲ್ಲೂ ಇಲ್ಲ ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ಜನರಿಗೆ ಕಷ್ಟವಾಗದಿದ್ದರೆ ಪ್ರತಿ ನಮಾಜಿಗೂ ಮಿಸ್ವಾಕ್ ಕಡ್ಡಾಯ ಮಾಡುತ್ತಿದ್ದೆನೆಂಬ ಅರ್ಥದ ಪ್ರವಾದಿವರ್ಯರ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಜಲ್ಸಾಗಳ ಹೊರಗೆ ಅತ್ತರಿನ ಪಕ್ಕದಲ್ಲಿ ಮಿಸ್ವಾಕ್ ಮಾರುತ್ತೇವೆ. ಆದರೆ ಮಕ್ತಬಿನಲ್ಲಿ ಎದುರು ಕೂತು ಪಾಠ ಒಪ್ಪಿಸುವ ಮಗುವಿನ ಬಾಯೊಳಗೆ ಎಂದಾದರೂ ಕಣ್ಣು ಹಾಯಿಸಿದ್ದೇವೆಯೇ? ಸುನ್ನತ್ ಇರುವುದು ಶುದ್ಧಿಯಲ್ಲಿ, ಜೇಬಿನಲ್ಲಿ ಕಾಣುವ ಕಡ್ಡಿಯಲ್ಲಲ್ಲ. ಮಿಸ್ವಾಕ್ ಇದೆಯೆಂದು ವೈದ್ಯರು ಬೇಡವೆನ್ನುವವರು ಹುಳುಕು ಬಿದ್ದ ಹಲ್ಲಿಗೆ ಮದ್ದು ಮಾಡಿಸುವುದನ್ನು ಯಾವ ಕಿತಾಬು ಬೇಡವೆಂದಿದೆ ತೋರಿಸಲಿ.

ನಮ್ಮ ಸಮುದಾಯದ ಸಂಸ್ಥೆಗಳು ದಂತ ಕಾಲೇಜು ಕಟ್ಟಿವೆ. ವಿಜಯಪುರದಲ್ಲಿ ಅಲ್-ಅಮೀನ್, ಕಲಬುರಗಿಯಲ್ಲಿ ಅಲ್-ಬದರ್, ಮೈಸೂರಿನಲ್ಲಿ ಫಾರೂಕಿಯಾ, ಮಂಗಳೂರಿನಲ್ಲಿ ಯೆನೆಪೋಯ. ಹೆಮ್ಮೆಯ ಸಂಗತಿಯೇ. ಹುಬ್ಬಳ್ಳಿ ಧಾರವಾಡದ ಅಂಜುಮನ್‌ಗಳು ಈ ಕಾಲೇಜುಗಳನ್ನು ಕರೆದು, ಸತ್ತೂರಿನವರನ್ನೂ ಜೊತೆಗೂಡಿಸಿಕೊಂಡು, ನಾಲ್ಕು ತಾಲ್ಲೂಕುಗಳ ಉರ್ದು ಸಾಲಿ, ಕನ್ನಡ ಸಾಲಿ ಎರಡರಲ್ಲೂ ಮಕ್ಕಳ ಹಲ್ಲಿನ ಕೆಲಸ ಮಾಡಿಸಬಾರದೇಕೆ? ಒಂದು ದಿನದ ಶಿಬಿರ, ಹಾರ ತುರಾಯಿ, ಪೇಪರಿನಲ್ಲಿ ಫೋಟೊ, ಇದನ್ನು ನಾವು ಕೇಳುತ್ತಿಲ್ಲ. ಆರು ತಿಂಗಳಿಗೊಮ್ಮೆ ಅದೇ ಸಾಲಿಗೆ ಮರಳಿ ಬರುವ ಕೆಲಸ ಕೇಳುತ್ತಿದ್ದೇವೆ. ಯಮನೂರಿನ ದರ್ಗಾಕ್ಕೆ ಎರಡೂ ಧರ್ಮದವರು ಒಟ್ಟಿಗೆ ಹೋಗುವ ಸೀಮೆ ಇದು. ಮಕ್ಕಳ ಬಾಯೂ ಜಾತಿ ಕೇಳುವುದಿಲ್ಲ.

ಸರಕಾರವನ್ನು ಕೇಳಬೇಕಾದದ್ದು ಹೆಚ್ಚೇನಿಲ್ಲ. ತಪಾಸಣೆಯ ತಂಡದ ಬೆನ್ನಿಗೇ ಕೈ ಸಲಕರಣೆ ಹಿಡಿದ ದಂತ ವೈದ್ಯರೊಬ್ಬರು ಸಾಲಿಗೆ ಬರಲಿ. ಆರನೇ ವರ್ಷದ ದವಡೆ ಹಲ್ಲನ್ನು ಒಂದನೇ ಎರಡನೇ ಇಯತ್ತೆಯಲ್ಲೇ ಲೇಪ ಹಾಕಿ ಕಾಯಲಿ. ಅಂಗನವಾಡಿಯಲ್ಲಿ ಊಟದ ಮೇಲೆ ಬಾಯಿ ಮುಕ್ಕಳಿಸುವುದು, ಬ್ರಷ್ ಮಾಡುವುದು ದಿನದ ಪಾಠವಾಗಲಿ. ಇದನ್ನು ಬೆಂಗಳೂರಿಗೆ ಬರೆದು ಕಾಯಬೇಕಿಲ್ಲ. ಪ್ರತಿ ಸಾಲಿಗೂ ಎಸ್‌ಡಿಎಂಸಿ ಇದೆ, ಪ್ರತಿ ಊರಿಗೂ ಗ್ರಾಮಸಭೆ ಇದೆ. ಮುಂದಿನ ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಒಬ್ಬ ತಾಯಿಯಾದರೂ ಎದ್ದು ‘ನಮ್ಮ ಮಕ್ಕಳ ಹಲ್ಲು ನೋಡಾಕ ಯಾರ ಬರ್ತಾರ? ಯಾವಾಗ ಬರ್ತಾರ?’ ಎಂದು ಕೇಳಲಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.

ನಮ್ಮ ಕಡೆ ಬಿದ್ದ ಹಾಲುಹಲ್ಲನ್ನು ಸೆಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆಯುತ್ತಾರೆ, ಒಳ್ಳೆಯ ಹಲ್ಲು ಬರಲಿ ಎಂದು. ಎಸೆಯಲಿ, ಮಕ್ಕಳಿಗೆ ಅದೊಂದು ಸಂಭ್ರಮ. ಆ ಹಲ್ಲು ತನ್ನ ಹೊತ್ತಿಗೆ, ನೋವಿಲ್ಲದೆ, ಮಗುವಿನ ನಾಲಿಗೆಯ ಆಟಕ್ಕೆ ಅಲ್ಲಾಡಿ ಬಿದ್ದದ್ದಾಗಿರಲಿ. ನವಲಗುಂದದ ಆ ಹುಡುಗಿಯನ್ನು ಮರುದಿನ ತಾಯಿಯ ಜೊತೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಎರಡು ಹಲ್ಲಿನಲ್ಲಿ ಒಂದು ಉಳಿಯಿತು. ಉಳಿದದ್ದು ಆರನೇ ವರ್ಷದ್ದು.